ಬೆರಿಟಸ್ ಪಟ್ಟಣದ ವಿದ್ಯಾರ್ಥಿಗಳು

ಭೂಮಧ್ಯ ಸಮುದ್ರದ ಪೂರ್ವತೀರದಲ್ಲಿ, ಲೆಬನಾನ್ ಪರ್ವತಶ್ರೇಣಿಯು ಕಡಲಿನ ಅಂಚಿನವರೆಗೂ ಇಳಿದು ಬಂದಿರುವ ಕಡೆ, ಬೈರೂತ್ ಎಂಬ ರೇವುಪಟ್ಟಣವಿದೆ. ಅದು ಲೆಬನಾನ್ ದೇಶದ ರಾಜಧಾನಿ. 1866ರಲ್ಲಿ ಅಮೆರಿಕದ ಪಾದ್ರಿಗಳು ಅಲ್ಲಿ ಒಂದು ಕಾಲೇಜನ್ನು ತೆರೆದರು. 1875ರಲ್ಲಿ ಜೆಸ್ಯೂಟ್ ಪಂಥದವರು ಮತ್ತೊಂದನ್ನು ತೆರೆದರು. ಅವೆರಡೂ ಬೆಳೆದು ವಿಶ್ವವಿದ್ಯಾನಿಲಯಗಳಾಗಿ ಈಗಲೂ ನಡೆಯುತ್ತಿವೆ. ಆದರೆ ಪರದೇಶದ ತರುಣರು ಪುಸ್ತಕದ ಗಂಟಿನೊಡನೆ ಆ ರೇವಿನಲ್ಲಿ ಇಳಿಯತೊಡಗಿದುದು ನಿನ್ನೆ ಮೊನ್ನೆಯ ಮಾತಲ್ಲ. ಕ್ರಿಸ್ತಶಕ 3ನೆಯ ಶತಮಾನದ ಮೊದಲರ್ಧದಿಂದ 6ನೆಯ ಶತಮಾನದ ನಡುವಿನವರೆಗೆ, ರೋಮನ್ ಸಾಮ್ರಾಜ್ಯದ ಪೂರ್ವಭಾಗದಲ್ಲಿ ಕಾನೂನನ್ನು ಕಲಿಯಬೇಕೆಂದವರು ಮೊದಲು ನೆನೆಯುತ್ತಿದ್ದ ಊರು ಇದೇ. ಆಗ ಅದರ ಹೆಸರು ಬೆರಿಟಸ್. ಜಸ್ಟಿನಿಯನ್ ಚಕ್ರವರ್ತಿಯು ಅದನ್ನು ಕಾನೂನುಗಳ ದಾದಿಯೆಂದು ಕರೆದನು; ಹಾಲೂಡಿ ಬೆಳೆಸಿದವಳು ಎಂಬರ್ಥದಲ್ಲಿ. ಆ ಬಿರುದು ಊರಿನ ಲಾಂಛನದಲ್ಲಿ ಇಂದಿಗೂ ಉಳಿದಿದೆ.

ಬಿರುದೇನೋ ದೊಡ್ಡದು. ಆದರೆ ಆ ದಾದಿಯ ಮಡಿಲಿಗೆ ಬಂದು ಬಿದ್ದ ಪರವೂರಿನ ಹುಡುಗರ ಪಾಡು ಹೇಗಿದ್ದಿತೆಂಬುದು ಬಿರುದಿನಿಂದ ತಿಳಿಯತಕ್ಕ ವಿಷಯವಲ್ಲ. ಗುರುಗಳ ಹೆಸರು ಚರಿತ್ರೆಯಲ್ಲಿ ನಿಲ್ಲುತ್ತದೆ; ಗ್ರಂಥಗಳೂ ನಿಲ್ಲುತ್ತವೆ. ಪಾಠವನ್ನು ಕೇಳಿದವರು ಎಲ್ಲಿ ಉಂಡರು, ಯಾರಿಗೆ ಹೆದರಿದರು, ಯಾರ ಸ್ನೇಹದಿಂದ ಬದುಕಿಕೊಂಡರು ಎಂಬುದನ್ನು ಬರೆದಿಡುವವರು ಅಪರೂಪ. ಬೆರಿಟಸ್ಸಿನ ಭಾಗ್ಯಕ್ಕೆ ಅಂತಹವನೊಬ್ಬನಿದ್ದನು. ಅವನ ಹೆಸರು ಜಕರಿಯಾಸ್. ಅವನ ಕಥೆಗೆ ಮೊದಲು ಊರಿನ ವಿದ್ಯೆಯ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಈ ವಿದ್ಯೆಯನ್ನು ನ್ಯಾಯಶಾಸ್ತ್ರವೆಂದು ಕರೆಯುವ ರೂಢಿ ಈಚೆಗೆ ಬಂದಿದೆ. ಸಂಸ್ಕೃತ ಪಾಠಶಾಲೆಗಳಲ್ಲಿ ನ್ಯಾಯವೆಂದರೆ ತರ್ಕವಾದುದರಿಂದ ಆ ಹೆಸರು ಗೊಂದಲಕ್ಕೆ ಎಡೆಗೊಡುತ್ತದೆ. ಸ್ಮೃತಿಕಾರರು ವ್ಯವಹಾರವೆಂದು ಕರೆದುದು ಇದಕ್ಕೆ ಹೆಚ್ಚು ಹತ್ತಿರ: ಸಾಲ, ನಿಕ್ಷೇಪ, ಕ್ರಯವಿಕ್ರಯ, ದಾಯಭಾಗ, ದಾಸರ ಬಿಡುಗಡೆ, ಸಾಕ್ಷ್ಯ ಮುಂತಾದುವು. ರೋಮನರು ಈ ವಿಷಯದಲ್ಲಿ ಬುದ್ಧಿಯನ್ನು ಸಾಣೆ ಹಿಡಿದಷ್ಟು ಮತ್ತಾವುದರಲ್ಲಿಯೂ ಹಿಡಿದಂತೆ ಕಾಣುವುದಿಲ್ಲ. ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ನಿವೃತ್ತ ಸೈನಿಕರನ್ನು ಬೆರಿಟಸ್ಸಿನಲ್ಲಿ ನೆಲೆಗೊಳಿಸಿ ಅದನ್ನು ರೋಮನ್ ವಸಾಹತಾಗಿ ಮಾಡಿದರು. ಆದುದರಿಂದ ಸುತ್ತಲೂ ಗ್ರೀಕ್ ಮತ್ತು ಸಿರಿಯಾಕ್ ಭಾಷೆಗಳ ನಡುವೆ ಇದೊಂದು ಲ್ಯಾಟಿನ್ ದ್ವೀಪವಾಯಿತು. ಕಾನೂನುಗಳೆಲ್ಲವೂ ಲ್ಯಾಟಿನ್ನಿನಲ್ಲಿದ್ದುವು. ಲ್ಯಾಟಿನ್ ಬಲ್ಲ ಊರಿನಲ್ಲಿ ಕಾನೂನಿನ ಶಾಲೆ ಬೆಳೆದುದು ಸಹಜವೇ.

ವಿದ್ಯಾರ್ಥಿಗಳು ಬಹುಮಟ್ಟಿಗೆ ಗ್ರೀಕ್ ಕಲಿತವರು. ಅವರಿಗೆ ಲ್ಯಾಟಿನ್ ಕಬ್ಬಿಣದ ಕಡಲೆ. 3ನೆಯ ಶತಮಾನದಲ್ಲಿ ಗ್ರೆಗರಿ ಎಂಬ ತರುಣನು ಕಪ್ಪುಸಮುದ್ರದ ಕಡೆಯಿಂದ ಬೆರಿಟಸ್ಸಿಗೆಂದು ಹೊರಟನು. ಅವನ ಭಾವನು ಪ್ಯಾಲೆಸ್ತೀನಿನ ಸಿಸೇರಿಯಾದಲ್ಲಿ ಅಧಿಕಾರಿಯ ಬಳಿ ಕಾನೂನಿನ ಸಲಹೆಗಾರನಾಗಿದ್ದನು. ಅಕ್ಕತಂಗಿಯರನ್ನು ಗಂಡನ ಮನೆಗೆ ಕಳುಹಿಸುವಾಗ ಒಡಹುಟ್ಟಿದವರು ಜೊತೆಗೆ ಹೋಗುವುದು ಎಲ್ಲ ದೇಶಗಳಲ್ಲಿಯೂ ಇದ್ದುದೇ. ಗ್ರೆಗರಿಯೂ ಸೋದರಿಯನ್ನು ಬಿಟ್ಟುಬರಲು ಸಿಸೇರಿಯಾಕ್ಕೆ ಹೋಗಿ, ಅಲ್ಲಿ ಒರಿಜೆನ್ ಎಂಬ ಮಹಾಪಂಡಿತನ ಪಾಠಕ್ಕೆ ಮನಸೋತು ಅಲ್ಲಿಯೇ ನಿಂತುಬಿಟ್ಟನು. ಬೆರಿಟಸ್ಸಿನ ಶಾಲೆಯ ವಿಷಯವಾಗಿ ದೊರೆಯುವ ಮೊದಲನೆಯ ಉಲ್ಲೇಖವು ಹೀಗೆ ಹೊರಟು ದಾರಿಯಲ್ಲಿಯೇ ಉಳಿದ ವಿದ್ಯಾರ್ಥಿಯದು!

ತಲುಪಿದವರು ಮಾತ್ರ ಬಹಳ ಮಂದಿ. ಅರೇಬಿಯ ಪ್ರಾಂತದಿಂದ ಬಂದು ಅಲ್ಲಿ ಓದುತ್ತಿದ್ದವರು, ಊರಿನ ಕಡೆಯ ಸಾರ್ವಜನಿಕ ಹೊಣೆಗಳನ್ನು ತಮ್ಮ ತಲೆಯ ಮೇಲೆ ಹೊರಿಸಬಾರದೆಂದು ಡಯೊಕ್ಲೀಷಿಯನ್ ಚಕ್ರವರ್ತಿಗೆ ಬಿನ್ನಹ ಮಾಡಿಕೊಂಡರು. 25 ವರ್ಷ ವಯಸ್ಸಾಗುವವರೆಗೆ ಅವರಿಗೆ ವಿನಾಯಿತಿ ಇರತಕ್ಕುದೆಂದು ಅವನು ಅಪ್ಪಣೆ ಕೊಡಿಸಿದನು. ಆ ಅಪ್ಪಣೆ ಇಂದಿಗೂ ಕಾನೂನಿನ ಸಂಗ್ರಹದಲ್ಲಿದೆ. ತಮ್ಮ ಮೊಕದ್ದಮೆಯನ್ನು ತಾವೇ ನಡೆಸಿ ಗೆದ್ದ ವಿದ್ಯಾರ್ಥಿಗಳೆಂದು ಅವರನ್ನು ಮೆಚ್ಚಬೇಕಾಗಿದೆ. 4ನೆಯ ಶತಮಾನದಲ್ಲಿ ಅಂತಿಯೋಕ್ ಪಟ್ಟಣದ ಲಿಬೇನಿಯಸ್ ಎಂಬ ಅಲಂಕಾರಶಾಸ್ತ್ರದ ಆಚಾರ್ಯನಿಗೆ ಬೆರಿಟಸ್ ಎಂದರೆ ಹೊಟ್ಟೆಯುರಿ. ಹೋಮರನನ್ನೂ ಡೆಮಾಸ್ತನೀಸನನ್ನೂ ಓದಿಸಿ ತಾನು ತಿದ್ದಿದ ಹುಡುಗರು ನಡುವಿನಲ್ಲಿಯೇ ಪಾಠವನ್ನು ಬಿಟ್ಟು ಆ ಕಡಲತೀರಕ್ಕೆ ಓಡುತ್ತಾರೆಂದು ಅವನ ಗೋಳು. ಹುಡುಗರದು ತಪ್ಪೆನ್ನುವುದು ಹೇಗೆ? ಅಧಿಕಾರಿಗಳ ಕಚೇರಿ, ವಕೀಲಿ, ಚಕ್ರವರ್ತಿಯ ಸೇವೆ, ಇವೆಲ್ಲಕ್ಕೂ ಬಾಗಿಲು ಬೆರಿಟಸ್ಸಿನಲ್ಲಿದ್ದಿತು. ಕಾವ್ಯವನ್ನು ಹೇಳಿಕೊಡುವವನ ಮನೆಯ ಜಗಲಿಯಿಂದ ಶಿಷ್ಯರು ಅನ್ನದ ವಿದ್ಯೆಯ ಕಡೆಗೆ ಎದ್ದುಹೋಗುವುದನ್ನು ಕಂಡು ನಿಟ್ಟುಸಿರು ಬಿಟ್ಟವರಲ್ಲಿ ಲಿಬೇನಿಯಸ್ ಮೊದಲನೆಯವನೂ ಅಲ್ಲ, ಕೊನೆಯವನೂ ಅಲ್ಲ.

ವ್ಯಾಸಂಗಕ್ಕೆ ನಾಲ್ಕು ವರ್ಷ. ಆಮೇಲೆ ಚಕ್ರವರ್ತಿಗಳ ಶಾಸನಗಳನ್ನು ತಾವೇ ಓದಿಕೊಳ್ಳಲು ಇನ್ನೊಂದು. ಒಂದೊಂದು ವರ್ಷದವರಿಗೂ ಒಂದೊಂದು ಹೆಸರು. ಹೊಸದಾಗಿ ಬಂದವರು ದುಪೊಂಡಿಗಳು, ಎಂದರೆ ಎರಡು ಕಾಸಿನವರು. ಅವರು ಗಾಯಸ್ ಎಂಬ ಪ್ರಾಚೀನ ನ್ಯಾಯವಿದನ ಬಾಲಬೋಧೆಯನ್ನು ಓದುತ್ತಿದ್ದರು. ಎರಡನೆಯ ವರ್ಷದವರು ಎಡಿಕ್ಟ್ ಎಂಬ ನ್ಯಾಯಾಧಿಕಾರಿಗಳ ಘೋಷಣೆಯನ್ನು ಓದುವುದರಿಂದ ಎಡಿಕ್ಟಾಲಿಗಳು. ಮೂರನೆಯ ವರ್ಷದವರು ಪಪಿನಿಯನ್ನನ ನಿರ್ಣಯಗಳನ್ನು ಹಿಡಿಯುವುದರಿಂದ ಪಪಿನಿಯನಿಸ್ಟರು. ನಾಲ್ಕನೆಯವರು ಲೀಟರು, ತೊಡಕನ್ನು ಬಿಡಿಸಬಲ್ಲವರು. ಪಪಿನಿಯನ್ನನ ಗ್ರಂಥವನ್ನು ಆರಂಭಿಸುವ ದಿನ ವಿದ್ಯಾರ್ಥಿಗಳು ಹಬ್ಬವನ್ನು ಆಚರಿಸುತ್ತಿದ್ದರು. ಆ ಮಹನೀಯನನ್ನು 212ರಲ್ಲಿ ಕಾರಕಲ್ಲ ಚಕ್ರವರ್ತಿಯು ಕೊಲ್ಲಿಸಿದನು. ಚಕ್ರವರ್ತಿಯು ಒಡಹುಟ್ಟಿದವನನ್ನು ಕೊಂದು, ಆ ಕೊಲೆ ಸರಿಯೆಂದು ಸಮರ್ಥಿಸಿ ಬರೆದುಕೊಡೆಂದು ಕೇಳಿದಾಗ ಪಪಿನಿಯನ್ನನು ಒಪ್ಪಲಿಲ್ಲವೆಂದು ಐತಿಹ್ಯವಿದೆ. ಅಂತಹವನ ಹೆಸರಿನಲ್ಲಿ ಹುಡುಗರು ಹಬ್ಬ ಮಾಡುತ್ತಿದ್ದರೆಂಬುದು ಆ ಶಾಲೆಗೆ ಭೂಷಣ. ಹಬ್ಬದ ದಿನ ಅದನ್ನು ನೆನೆದವರು ಎಷ್ಟು ಮಂದಿಯೋ, ಅದು ಬೇರೆ ಮಾತು.

5ನೆಯ ಶತಮಾನದ ವೇಳೆಗೆ ಬೋಧನೆಯು ಗ್ರೀಕಿಗೆ ತಿರುಗಿದ್ದಿತು. ಮೂಲವು ಲ್ಯಾಟಿನ್, ವ್ಯಾಖ್ಯಾನವು ಗ್ರೀಕ್. ಗುರುವು ಮೂಲದ ವಾಕ್ಯವನ್ನು ಓದಿ, ಪದವನ್ನು ಬಿಡಿಸಿ, ಅನ್ವಯವನ್ನು ಹೇಳಿ, ಬೇರೆ ಕಡೆಯ ವಚನದೊಡನೆ ವಿರೋಧ ಕಂಡರೆ ಅದನ್ನು ಪರಿಹರಿಸುವನು. ಇಂತಹ ಟಿಪ್ಪಣಿಗಳ ಕೆಲವು ಚೂರುಗಳು ಸಿನಾಯ್ ಬೆಟ್ಟದ ಮಠದಲ್ಲಿ ದೊರೆತಿವೆ. ಸೂತ್ರವನ್ನೂ ಭಾಷ್ಯವನ್ನೂ ಇದಿರಿಗಿಟ್ಟುಕೊಂಡು ಕುಳಿತವರಿಗೆ ಈ ಪದ್ಧತಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

ಈಗ ಜಕರಿಯಾಸನ ಮಾತು. ಅವನು ಗಾಜಾ ಪಟ್ಟಣಕ್ಕೆ ಸೇರಿದ ಮೈಯುಮಾ ಎಂಬ ರೇವಿನವನು. ಅಲೆಗ್ಸಾಂಡ್ರಿಯದಲ್ಲಿ ವ್ಯಾಕರಣ ಅಲಂಕಾರಗಳನ್ನು ಮುಗಿಸಿ, ಸುಮಾರು 487ರಲ್ಲಿ ಬೆರಿಟಸ್ಸಿಗೆ ಬಂದನು. ಮೊದಲ ದಿನ ಲಿಯಾಂಟಿಯಸ್ ಎಂಬ ಆಚಾರ್ಯನ ಪಾಠಮಂದಿರಕ್ಕೆ ಹೋಗುವಾಗ ಅವನ ಎದೆ ನಡುಗುತ್ತಿದ್ದಿತು. ಕಾರಣ ಶಾಸ್ತ್ರವಲ್ಲ, ಎಡಿಕ್ಟಾಲಿಗಳು. ಎರಡನೆಯ ವರ್ಷದವರು ಹೊಸಬರನ್ನು ಹಿಡಿದು ಗೋಳುಹೊಯ್ದುಕೊಳ್ಳುವುದು ಅಲ್ಲಿನ ಸಂಪ್ರದಾಯ. ಇಂದಿನ ಕಾಲೇಜುಗಳಲ್ಲಿ ಇದಕ್ಕೆ ರ‍್ಯಾಗಿಂಗ್ ಎನ್ನುತ್ತಾರೆ. ಜಕರಿಯಾಸನು ಒಳಗೆ ಹೋಗಿ ನೋಡಿದರೆ ಪೀಡಿಸತಕ್ಕವರ ಗುಂಪಿನಲ್ಲಿ ಪರಿಚಯದ ಮುಖವೊಂದಿದ್ದಿತು. ಪಿಸಿಡಿಯ ಸೀಮೆಯ ಸೊಜೊಪೊಲಿಸ್ ಎಂಬ ಊರಿನ ಸೆವೆರಸ್, ಅಲೆಗ್ಸಾಂಡ್ರಿಯದಲ್ಲಿ ಜೊತೆಗೆ ಓದಿದವನು, ಒಂದು ವರ್ಷ ಮೊದಲು ಇಲ್ಲಿಗೆ ಬಂದಿದ್ದನು. ಹಳೆಯ ಪರಿಚಯವಿದ್ದ ಮಾತ್ರಕ್ಕೆ ಏನು? ಗುಂಪು ಸೇರಿದ ಮೇಲೆ ಅವನೂ ಎಡಿಕ್ಟಾಲಿಯೇ ಅಲ್ಲವೆ? ಆದರೆ ಸೆವೆರಸನು ಸ್ನೇಹದಿಂದ ಎದುರುಗೊಂಡು ಮಾತನಾಡಿಸಿದನು. ಉಳಿದವರು ಬೇರೆ ಹೊಸಬರನ್ನು ನಕ್ಕು ಗೇಲಿಮಾಡಿ, ತಮ್ಮ ಪುಸ್ತಕಗಳನ್ನೆತ್ತಿಕೊಂಡು ಹೊರಟರು. ಜಕರಿಯಾಸನು ಪಾರಾದನು.

ಅಷ್ಟೇ ನಡೆದುದು. ದಿನದ ಲೆಕ್ಕದಲ್ಲಿ ಅರ್ಧ ಗಳಿಗೆಯ ಸಂಗತಿ. ಆದರೂ ಇಪ್ಪತ್ತೈದು ವರ್ಷಗಳಾದ ಮೇಲೆ, ತಾನು ಕಾನ್‌ಸ್ಟಾಂಟಿನೋಪಲಿನಲ್ಲಿ ವಕೀಲನಾಗಿ, ಸೆವೆರಸನು ಅಂತಿಯೋಕಿನ ಧರ್ಮಪೀಠವನ್ನೇರಿದ ಮೇಲೆ, ಗೆಳೆಯನ ಚರಿತ್ರೆಯನ್ನು ಬರೆಯುತ್ತ ಜಕರಿಯಾಸನು ಈ ಅರ್ಧ ಗಳಿಗೆಯನ್ನು ಮರೆಯಲಿಲ್ಲ. ಹೊಸ ಊರಿನಲ್ಲಿ ಮೊದಲ ದಿನ ಒಬ್ಬರು ಆಡಿದ ಒಳ್ಳೆಯ ಮಾತು ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಮಕ್ಕಳನ್ನು ಪರವೂರಿಗೆ ಕಳುಹಿಸಿದ ಮನೆಗಳವರು ಬಲ್ಲರು. ಇಂತಹುದೇ ಕಥೆ ನೂರು ವರ್ಷಗಳಿಗೂ ಹಿಂದೆ ಆಥೆನ್ಸಿನಲ್ಲಿ ನಡೆದಿದ್ದಿತು. ಅಲ್ಲಿ ಹೊಸ ವಿದ್ಯಾರ್ಥಿಯನ್ನು ಮೆರವಣಿಗೆಯಲ್ಲಿ ಸ್ನಾನಗೃಹದ ಬಾಗಿಲಿಗೆ ಒಯ್ದು, ಕೂಗಾಡಿ, ಬಾಗಿಲು ಬಡಿದು, ಹೆದರಿಸಿ ಒಳಕ್ಕೆ ಬಿಡುವುದು ವಾಡಿಕೆ. ನಜಿಯಾಂಜಸ್ಸಿನ ಗ್ರೆಗರಿಯು ತನ್ನ ಗೆಳೆಯ ಬಾಸಿಲನಿಗೆ ಅದನ್ನು ತಪ್ಪಿಸಿದನು; ಅಲ್ಲಿಂದ ಅವರ ಮೈತ್ರಿ ಬಲಿಯಿತು. ಬೆರಿಟಸ್ಸಿನ ಈ ಇಬ್ಬರು ಮುಂದೆ ಸಂಜೆಗಳಲ್ಲಿ ಕುಳಿತು ಓದಿದುದು ಆ ಗ್ರೆಗರಿಬಾಸಿಲರ ಗ್ರಂಥಗಳನ್ನೇ.

ಆ ಓದಿನ ಏರ್ಪಾಡು ಬಂದ ರೀತಿಯೂ ಸ್ವಾರಸ್ಯವಾಗಿದೆ. ಸೆವೆರಸನ ತಂದೆ ಊರಿನ ಸಭೆಯ ಸದಸ್ಯನಾಗಿದ್ದವನು, ತೀರಿಹೋಗಿದ್ದನು. ವಿಧವೆಯಾದ ತಾಯಿಯು ಮಕ್ಕಳನ್ನು ದೂರದೇಶಕ್ಕೆ ಓದಲು ಕಳುಹಿಸಿದ್ದಳು. ಅವನಿಗೆ ಕಾನೂನಿನ ಮೇಲೆ ಪ್ರಾಣ. ಜಕರಿಯಾಸನು ಧರ್ಮಗ್ರಂಥಗಳನ್ನು ಜೊತೆಗೆ ಓದೋಣವೆಂದಾಗ, ತನ್ನನ್ನು ಸಂನ್ಯಾಸಿಯಾಗಿ ಮಾಡುವ ಯೋಚನೆ ಬೇಡ, ತಾನು ಕಾನೂನಿನ ವಿದ್ಯಾರ್ಥಿ, ಆ ವಿದ್ಯೆಯೆಂದರೆ ತನಗೆ ಬಹಳ ಪ್ರೀತಿ ಎಂದು ಸೆವೆರಸನು ಮೊದಲೇ ಕರಾರು ಮಾಡಿಕೊಂಡನು. ವಾರದ ದಿನಗಳಲ್ಲಿ ಗುರುಗಳ ಪಾಠ ಮತ್ತು ಅದರ ಆವೃತ್ತಿ. ಶನಿವಾರ ಮಧ್ಯಾಹ್ನದ ಮೇಲೆ ಮತ್ತು ಭಾನುವಾರ ಆಚಾರ್ಯರು ಪಾಠ ಹೇಳದೆ ಬಿಡುತ್ತಿದ್ದುದರಿಂದ ಧರ್ಮಗ್ರಂಥಗಳು. ಸಂಸಾರ ಬೇಡವೆಂದು ಕೈಮುಗಿಯುವವನು ಸಂಸಾರಿಯಾಗುವುದೂ ಸಂನ್ಯಾಸ ಬೇಡವೆಂದು ಕರಾರು ಮಾಡಿದವನು ಮಠವನ್ನು ಸೇರುವುದೂ ಲೋಕದಲ್ಲಿ ಹೊಸದಲ್ಲ. ಓದು ಮುಗಿದ ಮೇಲೆ ಸೆವೆರಸನು ವಕೀಲನ ಉಡುಪನ್ನು ತೊಡಲೇ ಇಲ್ಲ.

ರೇವಿನ ಊರಿನಲ್ಲಿ ಇಂತಹ ಸಂಜೆಗಳು ಎಲ್ಲರವೂ ಆಗಿರಲಿಲ್ಲ. ಬೆರಿಟಸ್ಸು ನಟರಿಗೂ ಕುದುರೆಗಳ ಪಂದ್ಯಕ್ಕೂ ಹೆಸರಾದ ಪಟ್ಟಣ. ಪಾಠ ಮುಗಿದೊಡನೆ ಪಂದ್ಯದ ಬಯಲು, ನಾಟಕಶಾಲೆ, ಪಗಡೆ, ಮದ್ಯ, ವೇಶ್ಯಾವಾಟಿಕೆ, ಇವು ಕೈಬೀಸಿ ಕರೆಯುತ್ತಿದ್ದುವು. 4ನೆಯ ಶತಮಾನದ ಆದಿಯಲ್ಲಿಯೇ ಯುಸೇಬಿಯಸ್ ಎಂಬ ಚರಿತ್ರಕಾರನು, ಬೆರಿಟಸ್ಸಿನಲ್ಲಿ ಓದಿಯೂ ಶೀಲವನ್ನು ಉಳಿಸಿಕೊಂಡನೆಂದು ಒಬ್ಬ ತರುಣನನ್ನು ಬೆರಗಿನಿಂದ ಹೊಗಳಿದ್ದಾನೆ. ಇದಕ್ಕೆ ವಿರುದ್ಧವಾಗಿ ಸಮೊಸಾಟಾದ ಎವಾಗ್ರಿಯಸ್ ಎಂಬ ವಿದ್ಯಾರ್ಥಿಯ ಸುತ್ತ ಒಂದು ವೈರಾಗ್ಯದ ಗುಂಪು ಬೆಳೆಯಿತು. ಎವಾಗ್ರಿಯಸನಿಗೆ ಸಂನ್ಯಾಸವೇ ಬೇಕಾಗಿದ್ದಿತು. ತಂದೆಯು ಬಲವಂತದಿಂದ ಕಾನೂನಿಗೆ ನೂಕಿದ್ದನು. ಅವನು ದಿನವೂ ಉಪವಾಸವಿದ್ದು, ಸ್ನಾನದ ಸುಖವನ್ನೂ ತೊರೆದು, ಪಾಠವಾದೊಡನೆ ದೇವಾಲಯಕ್ಕೆ ಹೋಗುತ್ತಿದ್ದನು. (ಸ್ನಾನವನ್ನು ಬಿಡುವುದು ತಪಸ್ಸೆನಿಸುವ ದೇಶಗಳೂ ಇವೆಯೆಂದು ಇದರಿಂದ ತಿಳಿಯುತ್ತದೆ.) ಜಕರಿಯಾಸನು ಈ ಗುಂಪಿಗೆ ಸೇರಿದವನು. ಅವನ ಗ್ರಂಥದ ಅತ್ಯಂತ ಘೋರವಾದ ಭಾಗವು ಈ ಗುಂಪಿನ ಕೆಲಸವೊಂದಕ್ಕೆ ಸಂಬಂಧಿಸಿದೆ.

ಈಜಿಪ್ಟಿನ ತೀಬ್ಸ್ ಪಟ್ಟಣದ ಯೋಹಾನ ಎಂಬುವನು, ಅಗಸನೆಂಬ ಅಡ್ಡಹೆಸರಿನವನು, ಅಲ್ಲಿ ಕಾನೂನನ್ನು ಓದುತ್ತಿದ್ದನು. ಅವನು ಒಬ್ಬ ಹೆಂಗಸಿನ ಮೋಹದಲ್ಲಿ ಬಿದ್ದನು. ಆಕೆ ಸಾಧ್ವಿ, ಒಲಿಯಲಿಲ್ಲ. ಮಾಟದ ಪುಸ್ತಕಗಳನ್ನು ತಿರುವಿ, ನರಬಲಿ ಕೊಟ್ಟರೆ ಪಿಶಾಚಗಳು ಆಕೆಯನ್ನು ತಂದೊಪ್ಪಿಸುವುವೆಂದು ನಂಬಿದನು. ಬಲಿಗೆ ಯಾರು? ಧನಿಕರ ಮಕ್ಕಳು ವಿದ್ಯೆಗೆ ಬರುವಾಗ ದಾಸರನ್ನೂ ಜೊತೆಗೆ ತರುತ್ತಿದ್ದರು. ಯೋಹಾನನಿಗೆ ಐಥಿಯೋಪಿಯಾ ದೇಶದ ಒಬ್ಬ ದಾಸನಿದ್ದನು. ಯೋಹಾನನೂ ಅವನ ಸಂಗಡಿಗರೂ ನಡುರಾತ್ರಿಯಲ್ಲಿ ಆ ದಾಸನನ್ನು ಕುದುರೆಪಂದ್ಯದ ಬಯಲಿಗೆ ಕರೆದುಕೊಂಡು ಹೋದರು. ಇನ್ನೇನು ಕೊಲ್ಲಬೇಕು, ಅಷ್ಟರಲ್ಲಿ ಆ ಕಡೆ ಯಾರೋ ದಾರಿಹೋಕರು ಬಂದರು. ಇವರು ಬೆದರಿದರು, ದಾಸನು ತಪ್ಪಿಸಿಕೊಂಡು ಓಡಿದನು. ಅವನು ಯೋಹಾನನ ಊರಿನ ಕಡೆಯವನೇ ಆದ, ದೇವರಿಗೆ ಅಂಜುವ ಒಬ್ಬನಿಗೆ ಸಂಗತಿಯನ್ನು ತಿಳಿಸಿದನು. ಮಾತು ಎವಾಗ್ರಿಯಸನ ಗುಂಪಿಗೆ ಮುಟ್ಟಿತು. ಅವರು ಯೋಹಾನನ ಮನೆಗೆ ಬಂದು ಪುಸ್ತಕಗಳನ್ನೆಲ್ಲ ತೋರಿಸೆಂದರು. ಮಾಟದ ಪುಸ್ತಕಗಳು ಕುಳಿತುಕೊಳ್ಳುವ ಪೀಠದೊಳಗೆ ಅಡಗಿದ್ದುವು. ಆ ದಾಸನು ಯಜಮಾನನಿಗೆ ಕಾಣದಂತೆ ಸನ್ನೆಮಾಡಿ ಅದನ್ನು ತೋರಿಸಿಕೊಟ್ಟನು. ಯೋಹಾನನು ಕಾಲಿಗೆ ಬಿದ್ದು ಅತ್ತು, ತನ್ನ ಕೈಯಿಂದಲೇ ಪುಸ್ತಕಗಳನ್ನು ಬೆಂಕಿಗೆ ಹಾಕಿದನು. ಕಾನೂನಿಗೆ ಅವನನ್ನು ಒಪ್ಪಿಸಲಿಲ್ಲ.

ಈ ಪ್ರಸಂಗವನ್ನು ಓದುವಾಗ ಮನಸ್ಸು ಎರಡು ಕಡೆ ತಡೆಯುತ್ತದೆ. ಒಂದು, ಆ ದಾಸನ ಹೆಸರು. ಯೋಹಾನನ ಹೆಸರು, ಅಡ್ಡಹೆಸರು, ಊರು, ಎಲ್ಲವನ್ನೂ ಜಕರಿಯಾಸನು ಬರೆದಿದ್ದಾನೆ. ಮಾಟದಲ್ಲಿ ಸಿಕ್ಕಿಬಿದ್ದ ಇತರ ವಿದ್ಯಾರ್ಥಿಗಳ ಹೆಸರುಗಳನ್ನೂ ಬಿಟ್ಟಿಲ್ಲ. ಕಥೆಯಲ್ಲಿ ಪ್ರಾಣವನ್ನು ಪಣಕ್ಕೊಡ್ಡಿದವನು ಆ ದಾಸನೊಬ್ಬನೇ. ಅವನು ಐಥಿಯೋಪಿಯಾದವನು, ಅಷ್ಟೇ. ವರ್ಷವೆಲ್ಲ ದಾಸರ ಬಿಡುಗಡೆಯ ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದ ಈ ತರುಣರಲ್ಲಿ ಒಬ್ಬನಾದರೂ, ಇವನನ್ನು ಇಂತಹ ಒಡೆಯನ ಬಳಿಯಲ್ಲಿ ಬಿಡುವುದು ಹೇಗೆಂದು ಕೇಳಿದನೆ? ಗ್ರಂಥವು ಪುಸ್ತಕಗಳ ಗತಿಯನ್ನು ವಿವರಿಸುವಷ್ಟು ಇದನ್ನು ವಿವರಿಸುವುದಿಲ್ಲ.

ಇನ್ನೊಂದು, ಬೆಂಕಿ. ಯೋಹಾನನ ಮನೆಯಲ್ಲಿ ಹೊತ್ತಿದುದು ಅಲ್ಲಿಗೆ ಆರಲಿಲ್ಲ. ಬಿಷಪ್ಪನ ಅನುಮತಿಯಿಂದ ಮನೆಮನೆಗಳನ್ನು ಶೋಧಿಸಿ, ಸಿಕ್ಕಿದ ಪುಸ್ತಕಗಳನ್ನು ದೇವಮಾತೆಯ ದೇವಾಲಯದ ಮುಂದೆ ಊರವರೆಲ್ಲರೂ ನೋಡುವಂತೆ ಸುಟ್ಟರು. ನರಬಲಿಯ ಪುಸ್ತಕ ಸುಟ್ಟರೆ ನಷ್ಟವೇನು ಎನ್ನಬಹುದು. ಸರಿಯೆ. ಆದರೆ ತಾಳೆಯ ಓಲೆಯನ್ನಾಗಲಿ ತೊಗಲಿನ ಹಾಳೆಯನ್ನಾಗಲಿ ಕಣ್ಣಿಗೊತ್ತಿಕೊಂಡು ಓದಿದವರಿಗೆ, ಇಪ್ಪತ್ತು ವರ್ಷದ ಹುಡುಗರು ಉರಿಯ ಸುತ್ತ ನಿಂತು ಹಿಗ್ಗುವುದು ಹಿತವಾದ ನೋಟವಲ್ಲ. ಕಾಲವು ಇದಕ್ಕೆ ಒಂದು ಟೀಕೆಯನ್ನು ಬರೆಯಿತು. ಸೆವೆರಸನು 512ರಲ್ಲಿ ಅಂತಿಯೋಕಿನ ಧರ್ಮಾಧ್ಯಕ್ಷನಾದನು. 518ರಲ್ಲಿ ಚಕ್ರವರ್ತಿಯು ಬದಲಾದೊಡನೆ ಅವನ ಮತವು ಪಾಷಂಡವೆನಿಸಿ, ಅವನು ಈಜಿಪ್ಟಿಗೆ ಓಡಿಹೋಗಬೇಕಾಯಿತು. 536ರಲ್ಲಿ ಜಸ್ಟಿನಿಯನ್ನನು ಸೆವೆರಸನ ಗ್ರಂಥಗಳನ್ನು ಸುಡಬೇಕೆಂದೂ ಅವನ್ನು ನಕಲು ಮಾಡಿದವರ ಕೈಯನ್ನು ಕತ್ತರಿಸಬೇಕೆಂದೂ ಶಾಸನ ಮಾಡಿದನು. 538ರಲ್ಲಿ ಸೆವೆರಸನು ಪರಸ್ಥಳದಲ್ಲಿಯೇ ತೀರಿಕೊಂಡನು. ಅವನು ಗ್ರೀಕಿನಲ್ಲಿ ಬರೆದುದು ಬಹುಪಾಲು ಅಳಿದುಹೋಗಿದೆ; ಸಿರಿಯಾಕ್ ಭಾಷೆಗೆ ಅನುವಾದ ಮಾಡಿ ಬಚ್ಚಿಟ್ಟವರ ಪುಣ್ಯದಿಂದ ಅವನ ಮಾತು ಉಳಿಯಿತು. ಜಕರಿಯಾಸನ ಚರಿತ್ರೆಯೂ ಇಂದು ದೊರೆಯುವುದು ಸಿರಿಯಾಕಿನಲ್ಲಿಯೇ.

ಈ ಚರಿತ್ರೆಯನ್ನು ಅವನು ಸುಮ್ಮನೆ ನೆನಪಿಗಾಗಿ ಬರೆದವನಲ್ಲ. ಸೆವೆರಸನು ಪೀಠದಲ್ಲಿದ್ದಾಗ ಅವನ ಹಗೆಗಳು ಒಂದು ಪತ್ರವನ್ನು ಹರಡಿದರು: ಅವನು ಬೆರಿಟಸ್ಸಿನಲ್ಲಿ ಓದುವಾಗ ಪಿಶಾಚಗಳನ್ನು ಪೂಜಿಸಿದನು, ಮಾಟಗಾರರ ಸಂಗವಿದ್ದಿತು ಎಂದು. ಎಂದೋ ವಿದ್ಯಾರ್ಥಿಯಾಗಿದ್ದಾಗಿನ ಸಹವಾಸವು ನರೆತ ಮೇಲೆ ಎದ್ದುಬಂದು ಕೈಹಿಡಿಯಿತು. ಜಕರಿಯಾಸನು ಗೆಳೆಯನ ಪರವಾಗಿ ಸಾಕ್ಷಿ ನುಡಿದನು. ಆದುದರಿಂದ ಅವನ ಬರಹವನ್ನು ವಕೀಲನ ವಾದವೆಂದು ಎಚ್ಚರದಿಂದ ಓದಬೇಕು. ಗೆಳೆಯನಿಗೆ ಅನುಕೂಲವಲ್ಲದುದನ್ನು ಅವನು ಹೇಳದೆ ಬಿಟ್ಟಿರಬಹುದು. ಆದರೆ ಮೊದಲ ದಿನ ಪಾಠಮಂದಿರದಲ್ಲಿ ಎದೆ ನಡುಗಿದುದು ವಾದಕ್ಕೆ ಬೇಕಾದುದಲ್ಲ, ಅದು ನಿಜವಾಗಿರಲೇಬೇಕು.

ಸೆವೆರಸನ ಗ್ರಂಥಗಳಿಗೆ ಬೆಂಕಿಯನ್ನಿಡಿಸಿದ ಆ ಜಸ್ಟಿನಿಯನ್ನನೇ ಹೊಸ ವಿದ್ಯಾರ್ಥಿಗಳ ಬಂಧುವೂ ಆದನೆಂಬುದು ವಿಚಿತ್ರ. 533ರ ಡಿಸೆಂಬರ್ 16ರಲ್ಲಿ ಅವನು ಕಾನೂನಿನ ವ್ಯಾಸಂಗವನ್ನು ಹೊಸದಾಗಿ ಏರ್ಪಡಿಸಿ ಎಂಟು ಮಂದಿ ಆಚಾರ್ಯರಿಗೆ ಶಾಸನವನ್ನು ಕಳುಹಿಸಿದನು. ಹಳೆಯ ಕಾನೂನು 2000 ಪುಸ್ತಕಗಳಲ್ಲಿ, 30 ಲಕ್ಷ ಪಂಕ್ತಿಗಳಲ್ಲಿ ಚೆಲ್ಲಾಡಿದ್ದಿತು. ಆಚಾರ್ಯರಿಂದ ವಿದ್ಯಾರ್ಥಿಗಳು ಕೇಳುತ್ತಿದ್ದುದು ಬರಿಯ 6 ಪುಸ್ತಕ ಎಂದು ಅದರಲ್ಲಿ ಹಳಿದಿದ್ದಾನೆ. ಇನ್ನು ಮೇಲೆ ವ್ಯಾಸಂಗಕ್ಕೆ ಐದು ವರ್ಷ. ರೋಮ್, ಕಾನ್‌ಸ್ಟಾಂಟಿನೋಪಲ್, ಬೆರಿಟಸ್ ಈ ಮೂರೆಡೆಗಳಲ್ಲಿ ಮಾತ್ರ ಬೋಧನೆ. ಬೇರೆಡೆ ಕಲಿಸಿದವರಿಗೆ 10 ಪೌಂಡು ಚಿನ್ನದ ದಂಡ. ಎರಡು ಕಾಸಿನವರು ಎಂಬ ಹೆಸರು ಹಗುರವೂ ಹಾಸ್ಯಾಸ್ಪದವೂ ಆದುದೆಂದು ತೆಗೆದುಹಾಕಿ, ಹೊಸಬರಿಗೆ ತನ್ನ ಹೆಸರನ್ನೇ ಇಟ್ಟನು: ಹೊಸ ಜಸ್ಟಿನಿಯನ್ನರು! ಪಪಿನಿಯನ್ನನ ಹಬ್ಬವನ್ನು ಮಾತ್ರ ಉಳಿಸಿಕೊಟ್ಟನು. ಮತ್ತು ಹೊಸಬರನ್ನಾಗಲಿ ಗುರುಗಳನ್ನಾಗಲಿ ಆಟದ ನೆಪದಲ್ಲಿ ಹಿಂಸಿಸುವುದನ್ನು ನಿಷೇಧಿಸಿದನು. ಪಾತಕವು ಹುಟ್ಟುವ ಆಟ ಆಟವಲ್ಲವೆಂದೂ, ಮನಸ್ಸಿಗೆ ಸಂಸ್ಕಾರವಾದ ಮೇಲೆ ನಾಲಗೆಗೆ ಪಾಂಡಿತ್ಯ ಬರಲೆಂದೂ ಅವನ ಆಶಯ. ಬೆರಿಟಸ್ಸಿನಲ್ಲಿ ಇದನ್ನು ನೋಡಿಕೊಳ್ಳುವ ಹೊಣೆಯನ್ನು ಪ್ರಾಂತಾಧಿಕಾರಿ, ಬಿಷಪ್ಪ, ಕಾನೂನಿನ ಆಚಾರ್ಯರು, ಈ ಮೂವರ ಮೇಲೂ ಹಾಕಿದನು. ಒಬ್ಬರ ಮೇಲೆ ಹಾಕಿದ್ದರೆ ಕೆಲಸ ನಡೆಯುವುದಿಲ್ಲವೆಂದು ಅವನಿಗೆ ತಿಳಿದಿದ್ದಿತು. ಮೂವರ ಮೇಲೆ ಹಾಕಿದರೆ ನಡೆಯಿತೋ ಇಲ್ಲವೋ!

ಈ ಶಾಸನದ ನೆರಳಿನಲ್ಲಿ ಬೆರಿಟಸ್ಸಿನ ವಿದ್ಯಾರ್ಥಿಗಳು ಬಾಳಿದುದು ಹದಿನೆಂಟು ವರ್ಷವೂ ತುಂಬಲಿಲ್ಲ. 551ರ ಜುಲೈ 9ರಲ್ಲಿ ಭೂಮಿ ನಡುಗಿತು. ಆ ತೀರದ ಕಡಲಡಿಯಲ್ಲಿ ಒಂದು ಬಿರುಕುಂಟೆಂದೂ ಅದು ಸರಿದುದೇ ಇದಕ್ಕೆ ಕಾರಣವೆಂದೂ 2007ರಲ್ಲಿ ಪ್ರಕಟವಾದ ಸಮುದ್ರತಳದ ಶೋಧನೆಯೊಂದು ತಿಳಿಸಿದೆ. ಕಡಲು ಮೊದಲು ಹಿಂದಕ್ಕೆ ಸರಿಯಿತು. ಎಂದೋ ಮುಳುಗಿದ ಹಡಗುಗಳು ಬರಿದಾದ ತಳದಲ್ಲಿ ಕಂಡುವು. ಅವುಗಳಲ್ಲಿನ ನಿಧಿಗಾಗಿ ಜನ ಓಡಿದರು. ಆಗ ಕಡಲು ಹಿಂದಿರುಗಿತು.

ಅದೇ ದಿನ ಅಲೆಗ್ಸಾಂಡ್ರಿಯದಲ್ಲಿ ಅಗಾಥಿಯಸ್ ಎಂಬ ತರುಣನು ಕಾನೂನಿಗೆ ಮುಂಚಿನ ಪಾಠಗಳನ್ನು ಓದುತ್ತಿದ್ದನು. ನೆಲ ಅಲ್ಲಿಯೂ ಅಲುಗಿತು, ಬಹಳ ಸ್ವಲ್ಪ. ಆ ಊರಿನ ಮುದುಕರು ಅಂತಹುದನ್ನು ಕಂಡವರಲ್ಲ. ಮನೆಗಳ ಗೋಡೆಗಳಾದರೋ ಒಂದೇ ಇಟ್ಟಿಗೆಯ ದಪ್ಪ. ಎಲ್ಲರೂ ಬೀದಿಗೆ ಬಂದು ನಿಂತರು. ಅವನೂ ನಿಂತನು, ಹೆದರಿದನು. ಮುಂದೆ ಅವನು ವಕೀಲನೂ ಚರಿತ್ರಕಾರನೂ ಆಗಿ ಬೆರಿಟಸ್ಸಿನ ನಾಶವನ್ನು ಬರೆದನು. ಫಿನೀಷಿಯದ ಆಭರಣವಾಗಿದ್ದ ಊರಿನಲ್ಲಿ ಕಟ್ಟಡಗಳೆಲ್ಲ ಬಿದ್ದುವು. ಊರವರೊಡನೆ, ರೋಮನ್ ಕಾನೂನನ್ನು ಕಲಿಯಲು ಬಂದಿದ್ದ ದೊಡ್ಡ ಮನೆತನಗಳ ವಿದ್ಯಾವಂತ ತರುಣರು ಬಹು ಮಂದಿ ಮಡಿದರು ಎಂದು ಅವನ ಮಾತು. ಒಂದೆರಡು ವರ್ಷಗಳಲ್ಲಿ ತಾನೂ ಅದೇ ಶಾಸ್ತ್ರಕ್ಕೆ ಕೈಹಾಕತಕ್ಕವನು ತನ್ನ ಸಮವಯಸ್ಕರ ವಿಷಯವಾಗಿ ಬರೆದ ಈ ಕೆಲವು ಪಂಕ್ತಿಗಳಲ್ಲಿ ಅಲಂಕಾರವಿಲ್ಲ.

ಉಳಿದ ಆಚಾರ್ಯರು ಬೆರಿಟಸ್ಸನ್ನು ಮತ್ತೆ ಕಟ್ಟುವವರೆಗೆ ಎಂದು ಸೀದೋನ್ ಪಟ್ಟಣಕ್ಕೆ ಹೋಗಿ ಅಲ್ಲಿ ಪಾಠ ಹೇಳಿದರು. ಹಿಂದಿನ ಕೀರ್ತಿ ಮರಳಲಿಲ್ಲ. ಇಂದಿನ ಬೈರೂತಿನ ನಡುವೆ, ಬೀದಿಗಳ ಕೆಳಗೆ, ರೋಮನರ ಸ್ನಾನಗೃಹಗಳೂ ಕಂಬಗಳೂ ದೊರೆತಿವೆ. ಜಕರಿಯಾಸನು ನಡುಗುತ್ತ ಹೊಕ್ಕ ಪಾಠಮಂದಿರ ಇಲ್ಲಿದ್ದಿತೆಂದು ಬೊಟ್ಟುಮಾಡಿ ತೋರಿಸುವಂತಹ ಗೋಡೆ ಖಚಿತವಾಗಿ ದೊರೆತಿಲ್ಲ.

ಸುಮಾರು 570ರಲ್ಲಿ ಇಟಲಿಯ ಪಿಯಾಚೆಂಜಾ ಊರಿನ ಯಾತ್ರಿಕನೊಬ್ಬನು ಜೆರೂಸಲೇಮಿಗೆ ಹೋಗುವ ದಾರಿಯಲ್ಲಿ ಬೆರಿಟಸ್ಸಿನಲ್ಲಿ ತಂಗಿದನು. ಈಚಿನವರೆಗೆ ಇಲ್ಲಿ ವಿದ್ಯಾಭ್ಯಾಸ ನಡೆಯುತ್ತಿದ್ದಿತು, ಈಗ ಊರು ಬಿದ್ದುಹೋಗಿದೆ ಎಂದು ಬರೆದುಕೊಂಡನು. ಸತ್ತವರೆಷ್ಟು ಎಂಬುದನ್ನು ಊರಿನ ಬಿಷಪ್ಪನು ಅವನಿಗೆ ಹೇಳಿದನು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಹೆಸರು ಗೊತ್ತಿದ್ದವರನ್ನು ಎಣಿಸಿದರೆ ಮೂವತ್ತು ಸಾವಿರ. ಪರಸ್ಥಳದಿಂದ ಬಂದವರು ಆ ಲೆಕ್ಕಕ್ಕೆ ಸೇರಿಲ್ಲ ಎಂದನು.